ತೆರೆಯ ತುಂಬ ಒಂದೇ ಬಾತು

ಮನೆಯಾಕೆ ತೀರಿಹೋದ ಮೇಲೆ ಪ್ರತಿ ಸೋಮವಾರ ಲಕ್ಷ್ಮೇಶ್ವರಕ್ಕೆ, ಸೋಮೇಶ್ವರನ ದರ್ಶನಕ್ಕೆ, ನಾನೊಬ್ಬನೇ ಹೋಗುತ್ತೇನೆ. ಕಳೆದ ಮಾಘದಲ್ಲಿ, ಮಂಜಿನ್ನೂ ಕರಗದ ಮುಂಜಾನೆ, ಬೆಟಗೇರಿಯಲ್ಲಿ ಬಸ್ಸು ಹತ್ತಿದ ಅಕ್ಕ ತಮ್ಮ ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ತಮ್ಮನ ತೊಡೆಯ ಮೇಲೆ ವಿಡಿಯೊ ಕ್ಯಾಮೆರಾ. ಅದರ ಮೂತಿಗೆ ದೂರದ್ದನ್ನು ಹತ್ತಿರ ತೋರಿಸುವ ಇನ್ನೊಂದು ಲೆನ್ಸು.

“ಸಾಗರ, ಇವತ್ತ ಆ ಲೆನ್ಸ್ ಹಚ್ಚಬ್ಯಾಡ.”

“ಹಚ್ಚದಿದ್ರ ಮಾಗಡಿ ಕೆರ್ಯಾಗಿನ ಬಾತು ಸಾಸಿವಿ ಕಾಳಿನಂಗ ಕಾಣ್ತಾವಕ್ಕ. ಮೊನ್ನಿ ಹಿಡದದ್ದು ನೋಡಿದೆಲ್ಲ, ಗರಿ ಸುದ್ದಾ ಎಣಸಬೌದಿತ್ತು.”

“ಗರಿ ತಗೊಂಡು ಏನ್ ಮಾಡ್ತಿ? ಟೀವಿ ತುಂಬಾ ಒಂದೇ ಬಾತು. ‘ಇದರ ಜೋಡಿ ಎಲ್ಲಿ ಹೋತು’ ಅಂದಾಕಿ ಅವ್ವ, ಊಟದ ತಾಟಿಗೆ ಕೈ ಹಚ್ಚಲಿಲ್ಲ.”

“ಜೋಡಿ ಬಾಜೂಕ ಇತ್ತು. ಲೆನ್ಸಿನ್ಯಾಗ ಹಿಡಿಸಲಿಲ್ಲ.”

“ಅಕಿಗೆ ಹೆಂಗ ಗೊತ್ತಾಗಬೇಕೋ? ಅಪ್ಪ ತೀರಿ ತಿಂಗಳಾಗಿಲ್ಲ, ಹೊಸ್ತಿಲಾ ದಾಟಂಗಿಲ್ಲ. ಪ್ರತಿ ವರ್ಷ ಈ ಬಾತು ಬಂದಾಗ ಅಪ್ಪ ಅವ್ವ ಇಬ್ರೂ ಕೂಡೇ ಬಂದು ನೋಡ್ತಿದ್ರು.”

“ಲೆನ್ಸ್ ಹಂಗ ಇಟ್ಟು ಜೂಮ್ ಹಿಂದ ತಗೀಲೇನು?”

“ಸುತ್ತಲೂ ಕರಿ ಉಂಗುರ ಬರ್ತೈತಿ ಅಂತ ನೀನ ಅಂದಿ. ಬಾವ್ಯಾಗ ಇಣಿಕಿದಂಗ.”

“ಸಣ್ಣಾಗಿ ಕಂಡ್ರ ಅವ್ವನ ಕಣ್ಣಿಗೆ ಹತ್ತಬೇಕಲ್ಲ?”

“ಹಿಂಡು ಕಾಣ್ತೈತಿ. ಅಷ್ಟು ಸಾಕು.”

ಅವನು ಲೆನ್ಸನ್ನು ತಿರುಗಿಸಿ ಬಿಚ್ಚಿದ. ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮಾಗಡಿಯಲ್ಲಿ ಇಬ್ಬರೂ ಇಳಿದರು. ಅಷ್ಟರಲ್ಲಿ ಕೆರೆಯ ಮಂಜಿನೊಳಗಿಂದ ಬಾತುಗಳ ಹಿಂಡು ಮೇಲೆದ್ದಿತು.

“ಅಕ್ಕ, ಎಲ್ಲಾ ಕೂಡೇ ಎದ್ದುವು!”

“ಮಾತಾಡಬ್ಯಾಡೋ, ಹಿಡಿ. ಅವ್ವಗ ಅವುಗಳ ಧ್ವನಿ ಕೇಳಸಲಿ.”

ಬಸ್ಸು ಮುಂದಕ್ಕೆ ಹೊರಟಿತು.