ಬಂಡಿಗ್ಯಾಕ ಏಕಾದಶಿ

ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಸೀರೆಗಂಟು ಹಿಡಿದು ನಿಂತಿದ್ದ ನೇಕಾರ ಮಾಧವಿಗೆ ತಾನೂ ಒಂದು ಕರೆಂಟ್ ಬೈಕು ಕೊಳ್ಳುವ ಆಸೆ. ಅದಕ್ಕೇ ಅಂಥದೊಂದು ಬೈಕಿನ ಪಕ್ಕ ನಿಂತ ಅರ್ಚಕ ದಂಪತಿಯ ಮಾತಿಗೆ ಕಿವಿಗೊಟ್ಟಳು.

“ಕಂಪನಿಯವರು ನೂರೈವತ್ತು ಕಿಲೋಮೀಟರ್ ಅಂದಿದ್ರಲ್ರೀ?”

“ಅದು ಒಬ್ಬನೇ ಮೆಲ್ಲಕ ಹೋದ್ರ, ಪದ್ಮಾ. ಇಬ್ಬರು ಕೂತು, ಎದುರುಗಾಳಿ ಬಡದ್ರ ನೂರಕ್ಕ ಸುಸ್ತು.”

“ಮತ್ತ ಗದ್ವಾಲಕ್ಕ ಹೋಗಿ ನಾರಾಯಣಪೇಟಿಗೆ ತಿರುಗಿ ಬರೋದು?”

“ವಾರಕ್ಕೊಮ್ಮಿ ಹೋಗಿ ಬರ್ತೀನಲ್ಲ! ಗದ್ವಾಲದಾಗ ನಿಮ್ಮಕ್ಕನ ಮನ್ಯಾಗ ಬಂಡಿ ಚಾರ್ಜಿಗೆ ಹಚ್ಚಿ, ಉಂಡು, ಒಂದು ನಿದ್ದಿ ತಗದು ಏಳೋದ್ರಾಗ ಬ್ಯಾಟರಿನೂ ತುಂಬಿರತದ.”

“ಇವತ್ತು ಏಕಾದಶಿ ರೀ. ಊಟೆಲ್ಲಿ?”

ಅರ್ಚಕರು ನಾಲಿಗೆ ಕಚ್ಚಿಕೊಂಡರು. ಆಮೇಲೆ ನಗುತ್ತ ಹೆಲ್ಮೆಟ್ ಏರಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡರು. ಸದ್ದಿಲ್ಲದೆ ಹೊರಟ ಬೈಕಿನಿಂದ ಅರ್ಚಕರ ಮಾತು ಮಾತ್ರ ಕೇಳಿಸಿತು.

“ಉಪವಾಸ ನಮಗ. ಬಂಡಿ ಉಣ್ಣಲಿ, ನಾವು ನೋಡ್ಕೋತ ಕೂಡೋಣು!”