ಬಾವಿಗೆ ಇಳಿಬಿಟ್ಟ ಮೈಕು

ಆ ದೀಪ ಸಣ್ಣದು ಮಾಡಿ, ಹೇಳ್ತೀನಿ. ಯಾರಿಗೋ ಯಾರೋ ಹೇಳಿದ್ದಲ್ಲ ಇದು. ನನ್ನ ಚಿಕ್ಕಪ್ಪನ ಮಗನಿಗೇ ಆದದ್ದು.

ಅವನು ಒಂದು ಮೆಲೋಡಿಕ್ ಡೆತ್ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸ್ತಿದ್ದ. ಗಿಟಾರು ಇಂಪಾಗಿ ಅಳುತ್ತೆ, ಹಾಡೋನು ಮಾತ್ರ ಹೊಟ್ಟೆಯಾಳದಿಂದ ಘರ್ಜಿಸ್ತಾನೆ... ಅಂಥ ಸಂಗೀತ. ಹಾಡೋನಿಗೆ ಗುಟುರ ಅಂತಲೇ ಹೆಸರು. ಮಾತಾಡಿದರೆ ಬೆಣ್ಣೆಯಂಥ ದನಿ, ಪಾಪ.

ಟೈರ್ ಅಂಗಡಿಯ ಹಿಂದೆ ಅವರ ಅಭ್ಯಾಸ. ಮುಗಿಸಿ ರಾತ್ರಿ ನಮ್ಮವನೂ ಗುಟುರನೂ ನಡೆದು ಬರೋ ದಾರಿಯಲ್ಲಿ ಒಂದು ಪಾಳು ಬಾವಿ. ಗುಟುರ ಅದರೊಳಗೆ ಬಗ್ಗಿ ಗಂಟಲು ಪಳಗಿಸ್ತಿದ್ದ. ಇವನು ಘ್ರ್ರ್ರ್... ಅಂದರೆ ಬಾವಿಯೂ ಘ್ರ್ರ್ರ್...

ಒಂದು ರಾತ್ರಿ ಬಾವಿ ನಿಲ್ಲಿಸಲಿಲ್ಲ. ಇವನ ಸಾಲು ಮುಗಿದ ಮೇಲೆ... ಇನ್ನೊಂದು ಸಾಲು. ಇವನು ಹಾಡದೇ ಇದ್ದದ್ದು.

"ಬಾರೋ, ಹೋಗೋಣ," ಅಂತ ನಮ್ಮವನು ಪಿಸುಗುಟ್ಟಿದ.

"ತಡಿಯೋ... ಎಷ್ಟು ಚೆನ್ನಾಗಿದೆ!"

ನಾವು ನೀವಾದರೆ ಎದ್ದೆನೋ ಬಿದ್ದೆನೋ ಅಂತ ಓಡ್ತಿದ್ವಿ. ಈ ಹುಚ್ಚರು ಏನು ಮಾಡಿದರು ಗೊತ್ತಾ? ಮರುದಿನ ಹಗ್ಗ ಕಟ್ಟಿ ಮೈಕನ್ನ ಬಾವಿಗೆ ಇಳಿಬಿಟ್ಟರು! ಆ ದನಿ ಹಿಡಿದು, ಹಾಡಿನಲ್ಲಿ ಗುಟುರನ ದನಿಯ ಕೆಳಗೆ ಸೇರಿಸಿದರು. ಹುತ್ತ ಅಂತ ಗೊತ್ತಿದ್ದೂ ಕೈ ಹಾಕಿದರು.

ಹಾಡು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಊರೂರಿಂದ ಕರೆ, ಕಾಲಿಡೋಕೆ ಜಾಗ ಇಲ್ಲದಷ್ಟು ಜನ. ಆದರೆ ಪ್ರತಿ ಹೊಸ ಹಾಡಿಗೂ ಬಾವಿಗೆ ಹೋಗಬೇಕು. ಹೋಗಿ ಬಂದಾಗಲೆಲ್ಲ ಗುಟುರನ ದನಿ ಒಂದಿಷ್ಟು ಕಮ್ಮಿ. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು, ಗಂಟಲಲ್ಲಿ ಏನೂ ಇಲ್ಲ.

"ಸಾಕು ಕಣೋ," ಅಂತ ನಮ್ಮವನು ಕಾಲು ಹಿಡಿದ.

"ಇದೊಂದೇ..." ಅಂದ ಅವನು, ಬರೀ ಉಸಿರಲ್ಲಿ.

ಕೊನೆಯ ಕಾರ್ಯಕ್ರಮ. ಗುಟುರ ಬಾಯಿ ತೆರೆದ... ಗಾಳಿ ಬಂತು, ಅಷ್ಟೆ. ಬಾಯಿ ಮುಚ್ಚಿದ. ಆಗ ಸ್ಪೀಕರಿನಿಂದ... ಘ್ರ್ರ್ರ್... ಹಾಡು ಶುರುವಾಯ್ತು. ಮೈಕಿನ ವೈರು ಕಿತ್ತರೂ ನಿಲ್ಲಲಿಲ್ಲ. ಜನ ಕುಣೀತಾ ಇದ್ದರು. ನಮ್ಮವನು ಅಳ್ತಾ ಅಳ್ತಾ ಬಾರಿಸಿದ. ಇನ್ನೇನು ಮಾಡ್ತಾನೆ ಹೇಳಿ? ಗಿಟಾರಿನವರಿಬ್ಬರು ಆ ರಾತ್ರಿಯೇ ಬಸ್ಸು ಹತ್ತಿದರು. ಬ್ಯಾಂಡು ಅಲ್ಲಿಗೆ ಮುಗೀತು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಮೊನ್ನೆ ನಾನೇ ಗುಟುರನ ಮನೆಗೆ ಹೋಗಿದ್ದೆ. ತುಟಿ ಬಿಗಿದು ನನ್ನೆದುರೇ ಕೂತಿದ್ದ. ಅವರಮ್ಮ ಅಡುಗೆಮನೆಯಿಂದ, "ಊಟಕ್ಕೆ ಬಾರೋ ಮಗಾ," ಅಂದರು.

"ಬಂದೆ ಅಮ್ಮಾ..."

ಮಹಡಿಯ ಕೋಣೆಯಿಂದ. ಅವನದೇ ದನಿ, ಬೆಣ್ಣೆಯಂಥದ್ದು.

ನನ್ನಾಣೆ, ಕಣ್ಣಾರೆ ಕಂಡದ್ದು ಹೇಳ್ತಿದ್ದೀನಿ. ಅವರಮ್ಮ ತಟ್ಟೆ ಹಿಡಿದು ಬಂದರು. ಎದುರಿಗೆ ಕೂತ ಮಗನನ್ನ ದಾಟಿಕೊಂಡು, ಮೆಟ್ಟಿಲು ಹತ್ತಿ ಮೇಲೆ ಹೋದರು.