ಬಾಯಿಮಾತು ಪಟ್ಟಿಗೆ ಸೇರುವುದಿಲ್ಲ

ಇಲ್ಲ ಕಣೇ ಗುಬ್ಬಿ, ಇಲ್ಲ! ನಿನ್ನ ಲೇಖನದ ಕೊನೆಯ ಆಧಾರಗ್ರಂಥಗಳ ಪಟ್ಟಿಯನ್ನ ಬೆರಳಿಟ್ಟು ನೋಡಿದೆ. ಮೇಲಿಂದ ಕೆಳಗೆ ಒಂದು ಸಲ, ಕೆಳಗಿಂದ ಮೇಲೆ ಒಂದು ಸಲ. ಹಾಳುಮೂಳೆಲ್ಲ ಇದಾರೆ, ಒಡಹುಟ್ಟಿದ ಅಣ್ಣ ಇಲ್ಲ. ಯಾಕೆ ನಗ್ತೀಯ? ನಗಬೇಡ. ಈ ಹಾಳೆಗಳನ್ನು ನನ್ನ ಕೈಗೆ ಕೊಟ್ಟವಳು ನೀನೇ. "ನಿನ್ನದು ಹದ್ದಿನ ಕಣ್ಣು ಅಣ್ಣ, ಕಾಮಾ ಚುಕ್ಕಿ ಸರಿ ಇದೆಯಾ ನೋಡು, ಸಂಜೆಯೊಳಗೆ ಪತ್ರಿಕೆಗೆ ಕಳಿಸಬೇಕು" ಅಂತ ಬೆಣ್ಣೆ ಹಚ್ಚಿ ಕೂರಿಸಿದವಳೂ ನೀನೇ. ನೋಡಿದೆ. ಕಾಮಾ ಎಲ್ಲ ನೆಟ್ಟಗಿವೆ. ನಾನೇ ಇಲ್ಲ!

ಏನು? ಬಾಯಿಮಾತು ಪಟ್ಟಿಗೆ ಸೇರಲ್ಲವಾ? ಯಾವನು ಮಾಡಿದ ಕಾನೂನು ಅದು? ಹಾಗಾದರೆ ಲೇಖನದ ತುಂಬ ಇರೋದು ಯಾರ ಬಾಯಿಂದ ಬಂತು, ಪಕ್ಕದ ಮನೆ ಬೆಕ್ಕಿನ ಬಾಯಿಂದಲಾ? "ಹಡಗುಕಟ್ಟೆಯ ಕೂಲಿಗಳ ಕೈಸನ್ನೆಗಳು"... ಆಹಾ, ತಲೆಬರಹ ಜೋರಾಗಿದೆ! ಕ್ರೇನಿನ ಗಲಾಟೆಯಲ್ಲಿ ಗಂಟಲು ಹರಿದರೂ ಕೇಳಿಸಲ್ಲ, ಅದಕ್ಕೇ ಕೆಳಗೆ ನಿಂತವನು ಮೇಲೆ ಕೂತವನ ಹತ್ತಿರ ಕೈಯಲ್ಲೇ ಮಾತಾಡ್ತಾನೆ ಅಂತ ನಿನಗೆ ಹೇಳಿದ್ದು ಯಾರು? ಈ ಸ್ಟೂಲ್ ಹತ್ತಿ ಕೋತಿ ಹಾಗೆ ಕುಣಿದು ಒಂದೊಂದೇ ಸನ್ನೆ ತೋರಿಸಿದ್ದು ಯಾರು? ಎರಡೂ ಕೈ ಹೊಟ್ಟೆ ಮುಂದೆ ಕಟ್ಟಿ ನಿಂತಾಗ ನೀನು ನಕ್ಕೆಯಲ್ಲ, "ಇದೇನಣ್ಣ, ಊಟಕ್ಕೆ ಕಾಯೋ ನೆಂಟನ ಹಾಗೆ" ಅಂತ! ಎಲ್ಲಕ್ಕಿಂತ ದೊಡ್ಡ ಸನ್ನೆ ಕಣೇ ಅದು. ಏರಿಸಬೇಡ, ಇಳಿಸಬೇಡ, ಭಾರ ಹೇಗಿದೆಯೋ ಹಾಗೇ ತೂಗಲಿ. ಕೈ ಬಿಡೋವರೆಗೆ ಯಾರೂ ಕದಲಬಾರದು.

ಈ ಪಟ್ಟಿಯ ದೊಡ್ಡಮನುಷ್ಯರಲ್ಲಿ ಒಬ್ಬನಿಗಾದರೂ ಗೊತ್ತಾ ಅದು? ಮನೆತನದ ಹೆಸರು ಮೊದಲು, ಕಾಮಾ, ಸ್ವಂತ ಹೆಸರಿಗೆ ಒಂದೇ ಅಕ್ಷರ, ಚುಕ್ಕಿ. ಇಲ್ಲೂ ಅಪ್ಪ ಅಜ್ಜಂದಿರದ್ದೇ ದರ್ಬಾರು! ಪುಸ್ತಕದ ಹೆಸರು ಕುಡಿದವನ ಹಾಗೆ ಒಂದು ಕಡೆ ವಾಲಿಕೊಂಡಿರಬೇಕು. ಮೊದಲ ಸಾಲು ಹೊರಗೆ, ಮಿಕ್ಕಿದ್ದು ಒಳಗೆ, ಹೊಸ್ತಿಲಾಚೆ ಮೂತಿ ಚಾಚಿ ಮಲಗಿದ ನಾಯಿ! ಇಷ್ಟೆಲ್ಲ ಶಾಸ್ತ್ರಕ್ಕೆ ಪುರಸೊತ್ತಿದೆ, ನನಗೊಂದು ಸಾಲು ಜಾಗ ಇಲ್ಲ. ಒಬ್ಬನ ಹೆಸರು ಹಾಕಿ "ಮತ್ತು ಇತರರು" ಅಂತ ಕೈ ತೊಳೆದುಕೊಳ್ತೀರಲ್ಲ, ಆ ಇತರರಲ್ಲೂ ನಾನಿಲ್ಲವಲ್ಲೇ!

ಲೇಖನದ ಒಳಗೆ ಕಂಸದಲ್ಲಿದೆಯಾ? ತೋರಿಸು... "ವೈಯಕ್ತಿಕ ಸಂವಹನ". ಥೂ! ಫೋನ್ ಬಿಲ್ಲಿನ ಹಾಗಿದೆ. ಏಳನೇ ಕ್ಲಾಸಿಗೇ ಪುಸ್ತಕದ ಚೀಲ ಬಿಸಾಕಿ ಊರು ಬಿಟ್ಟವನು, ಇವನಿಗೇನು ಪಟ್ಟಿಯಲ್ಲಿ ಕೆಲಸ, ಅಲ್ವಾ? ಸರಿ. ಬಾಗಿಲ ಹತ್ತಿರ ನನ್ನ ಬ್ಯಾಗಿದೆ. ಬಿಚ್ಚಿಯೂ ಇಲ್ಲ. ಎತ್ತಿಕೊಂಡು ಹೊರಟೆ ಅಂದರೆ...

ಅದಲ್ಲವಾ? ಮತ್ತೇನು? ಓದಿದವರು ಹುಡುಕಿಕೊಂಡು ಹೋದರೆ ಸಿಗಬೇಕು. ಸಿಗೋದನ್ನ ಮಾತ್ರ ಪಟ್ಟಿಗೆ ಹಾಕೋದು. ಓಹೋ... ಅಂದರೆ ನಾನು ಸಿಗದವನು.

ಹಾಗೆ ನೋಡಬೇಡ ನನ್ನ. ಆ ನೋಟ ನನಗೆ ಗೊತ್ತು. ಅಮ್ಮನ ವಿಷಯ ತಾನೆ? ಎತ್ತು, ಎತ್ತು! ಅಮ್ಮ ಆಸ್ಪತ್ರೆ ಸೇರಿದಾಗ ನೀನು ನನ್ನ ಹುಡುಕಿ ಕಂಡಕಂಡವರಿಗೆಲ್ಲ ಫೋನ್ ಮಾಡಿದೆ, ಕೊನೆಗೆ ಕಟ್ಟೆಯ ಮೇಸ್ತ್ರಿ ಸಿಕ್ಕಿದ, ಅವನು "ಹಡಗು ಹತ್ತಿ ಹೋದ, ಸದ್ಯಕ್ಕೆ ಸಿಗಲ್ಲ" ಅಂದ. ಹೌದು, ಹೋಗಿದ್ದೆ! ನಡುನೀರಲ್ಲಿದ್ದೆ! ಈಜಿಕೊಂಡು ಬರಬೇಕಿತ್ತಾ? ತಿರುಗಿ ಬರೋಷ್ಟರಲ್ಲಿ ಎಲ್ಲ ಮುಗಿದಿತ್ತು. ಎಷ್ಟು ಸಲ ಹೇಳಿಲ್ಲ ಇದನ್ನ! ಅಮ್ಮ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಪೇಪರಿನಲ್ಲಿ ನಮ್ಮ ಕಟ್ಟೆಯ ಕ್ರೇನ್ ಉರುಳಿದ ಸುದ್ದಿ ನೋಡಿ "ಅವನು ಅಲ್ಲಿರಲಿಲ್ಲ ತಾನೆ?" ಅಂತ ಕೇಳ್ತಾ ಕೇಳ್ತಾನೇ ಹೋದಳು, ನೀನು "ಇಲ್ಲಮ್ಮ, ಅವನು ಸಮುದ್ರದಲ್ಲಿದಾನೆ, ಚೆನ್ನಾಗಿದಾನೆ" ಅಂದೆ. ಗೊತ್ತು. ಅದನ್ನೂ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ದೀಯ. ನೀನು ಸರಿಯಾಗೇ ಹೇಳಿದೆ ಅವಳಿಗೆ. ಬಿಡು ಈಗ. ಟೈಪ್ ಮಾಡು, ಸಂಜೆ ಆಗ್ತಿದೆ. ಮುಂದಿನದು ನಾನು ಓದ್ತೀನಿ.

ಇವನ್ಯಾರು ಮಹರಾಯ? "ಬಂದರಿನ ಅಪಘಾತಗಳು: ಕಾರಣ ಮತ್ತು ಪರಿಹಾರ". ವಾಲಿದೆ, ಸರಿ. ಇಸವಿ ಇದೆ. ಚುಕ್ಕಿ ಇದೆ. ಇವನ ಯಾವ ಮಾತು ತಗೊಂಡಿದ್ದೀಯ? ಎಲ್ಲಿ, ಆ ಪುಟ ತೆಗಿ... "ಕೆಳಗೆ ನಿಂತವನು ತಪ್ಪು ಸನ್ನೆ ಮಾಡಿದ್ದರಿಂದ ಕ್ರೇನ್ ಉರುಳಿತು"...

ಅಳಿಸು.

ಅಳಿಸು ಅಂದೆ! ಪುಸ್ತಕದಲ್ಲಿದ್ದರೆ ವೇದವಾಕ್ಯವೇನೇ? ಈ ವಾಲಿದ ಅಕ್ಷರದವನು ಅಲ್ಲಿದ್ದನಾ? ಕಟ್ಟೆಯ ಧೂಳು ಇವನ ಚಪ್ಪಲಿಗೆ ತಾಗಿದೆಯಾ? ಆ ಕ್ರೇನಿನ ಕೆಳಗೆ ನಿಂತಿದ್ದವನು ನಮ್ಮ ಕೊಕ್ಕರೆ ಕಣೇ, ಉದ್ದ ಕಾಲಿನವನು, ಕೊಕ್ಕರೆ ಅಂತಲೇ ಕರೀತಿದ್ವಿ. ಅವನು ತಪ್ಪು ಸನ್ನೆ ಮಾಡೋ ಪೈಕಿ ಅಲ್ಲ. ಎರಡೂ ಕೈ ಹೊಟ್ಟೆ ಮುಂದೆ ಕಟ್ಟಿ ಕಂಬದ ಹಾಗೆ ನಿಂತಿದ್ದ. ನಿಲ್ಲಿಸು, ನಿಲ್ಲಿಸು ಅಂತ! ಮೇಲಿದ್ದವನಿಗೆ ಆಫೀಸಿನವರು ಬೇಗ ಬೇಗ ಅಂತ ಪ್ರಾಣ ತಿಂತಿದ್ದರು, ಕೆಳಗೆ ನೋಡಲೇ ಇಲ್ಲ ಅವನು, ಭಾರ ಎತ್ತೇಬಿಟ್ಟ. ಕೊಕ್ಕರೆ ಓಡಬಹುದಿತ್ತು. ಓಡಲಿಲ್ಲ. ಓಡಿದರೆ ಕೈ ಬಿಡಬೇಕಲ್ಲ! ಅವನನ್ನ ಅಡಿಯಿಂದ ಎಳೆದಾಗಲೂ ಬೆರಳಿಗೆ ಬೆರಳು ಹೆಣೆದುಕೊಂಡೇ ಇತ್ತು, ಬಿಡಿಸಿದ್ದು ಯಾರು ಗೊತ್ತಾ? ಈ ಕೈ! ಈ ಕೈಯೇ! ಸತ್ತವನು ಬಾಯಿ ಬಿಡಲ್ಲ ಅಂತ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿದರು, ಈಗ ನೀನೂ ಕಟ್ತೀಯ, ಕಾಮಾ ಚುಕ್ಕಿ ಎಲ್ಲ ಇಟ್ಟು! ಹಾಕು ನನ್ನ ಹೆಸರು ಪಟ್ಟಿಗೆ. ಯಾರು ಬೇಕಾದರೂ ಹುಡುಕಿಕೊಂಡು ಬರಲಿ, ಎದುರು ನಿಂತು ಹೇಳ್ತೀನಿ. ಬರಕೋ! ಆ ದಿನ ನಾನು ಕಟ್ಟೆಯ ಮೇಲೇ ಇದ್ದೆ. ಅವನ ಬೆನ್ನ ಹಿಂದೇ ನಿಂತಿದ್ದೆ!

...ಬರಿಯೇ. ಯಾಕೆ ನಿಲ್ಲಿಸಿದೆ?

ಕನ್ನಡಕ ಯಾಕೆ ತೆಗೆದೆ? ಗುಬ್ಬಿ?

ಅಲ್ಲ... ಆ ದಿನ ಅಂದರೆ... ಹಡಗು ಹತ್ತಿದ್ದು ಅದಾದ ಮೇಲೆ... ಮರುದಿನವೋ ಏನೋ... ಪೇಪರಿನವರು ತಡವಾಗಿ ಹಾಕಿರಬೇಕು, ಅದಕ್ಕೇ ಅಮ್ಮ... ಇಲ್ಲ.

ಏನಾದರೂ ಅನ್ನೇ. ಬೈಯಿ. ಆ ದಪ್ಪ ಪುಸ್ತಕ ಎತ್ತಿ ತಲೆ ಮೇಲೆ ಹಾಕು. ಮೇಸ್ತ್ರಿಯನ್ನ ಬೈಬೇಡ, ಪಾಪ ಅವನು. ಫೋನ್ ಕಿವಿಗಿಟ್ಟುಕೊಂಡೇ ನನ್ನ ಕಡೆ ನೋಡಿದ. ನಿನ್ನ ಧ್ವನಿ ನನಗೂ ಕೇಳಿಸ್ತಿತ್ತು, "ಅಮ್ಮ" ಅಂದದ್ದು. ನಾನು... ಸುಮ್ಮನೆ ಕೈ ಆಡಿಸಿದೆ. ಇಲ್ಲ ಅನ್ನು ಅಂತ. ಬಾಯಿ ಕೂಡ ಬಿಡಲಿಲ್ಲ. ಅವಳನ್ನ ಹಾಗೆ ನೋಡೋಕೆ ನನ್ನ ಕೈಲಿ... ಆಮೇಲೆ ಹೋದರಾಯಿತು ಅಂದುಕೊಂಡೆ. ನಾಳೆ ಹೋದರಾಯಿತು ಅಂತ.

ಗುಬ್ಬಿ, ಇದೇನಿದು? ಕೈ ಯಾಕೆ ಹಾಗೆ ಕಟ್ಟಿಕೊಂಡೆ? ಅದು ನಾನು ಕಲಿಸಿದ್ದಲ್ವಾ... ಬಿಡೇ. ಹಾಗೆ ನಿಲ್ಲಬೇಡ ಕಣೇ.

ಇಲ್ಲ, ಇಲ್ಲ, ಬ್ಯಾಗ್ ಮುಟ್ಟಲ್ಲ. ಬಾಗಿಲ ಕಡೆ ನೋಡೋದೂ ಇಲ್ಲ. ಇಲ್ಲೇ ನಿಂತಿದೀನಿ, ನೋಡು.

ನೀನು ಕೈ ಬಿಡೋವರೆಗೆ ಕದಲಲ್ಲ.